ದುಡಿಯೋರ ಹೆಸರಲ್ಲಿರೋ ಓಟು ದುಡಿಯೋರ ಕೈಗೇ ಕೊಡಿ: ಸಿಟಿ ಆಫ್ ಲಂಡನ್ ಕಾರ್ಪೊರೇಷನ್‌ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕೋರ್ಟ್ ಆಫ್ ಕಾಮನ್ ಕೌನ್ಸಿಲ್‌ನ ಎಲ್ಲ ಸದಸ್ಯರು, ಆಲ್ಡರ್‌ಮನ್‌ಗಳು ಹಾಗೂ ಮೇಯರ್ ಅವರು,
ಸಿಟಿ ಆಫ್ ಲಂಡನ್ ಕಾರ್ಪೊರೇಷನ್, ಗಿಲ್ಡ್‌ಹಾಲ್, ಲಂಡನ್

ಮಾನ್ಯರೇ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯವನು. ನಿಮ್ಮ ಸ್ಕ್ವೇರ್ ಮೈಲ್, ಅಂದ್ರೆ ಸಿಟಿ ಆಫ್ ಲಂಡನ್ ಒಳಗಡೆ ಒಂದು ದೊಡ್ಡ ಹಣಕಾಸು ಸಂಸ್ಥೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡು ಬಹಳ ವರ್ಷದಿಂದ ಇದ್ದೀನಿ, ಮನೆ ಹ್ಯಾರೋ ಕಡೆ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಟೌನ್ ಕ್ಲರ್ಕ್ ಕಚೇರಿಗೆ ಕಳಿಸ್ತಿದ್ದೀನಿ. ಕನ್ನಡದಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿರೋದು ಯಾಕಂದ್ರೆ, ದಿನಾ ಬೆಳಗ್ಗೆ ಬ್ಯಾಂಕ್, ಮೂರ್‌ಗೇಟ್, ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್‌ಗಳಲ್ಲಿ ಇಳಿದು ನಿಮ್ಮ ಬೀದಿಗಳಲ್ಲಿ ಓಡೋ ಜನರಲ್ಲಿ ನಮ್ಮವರು ತುಂಬಾ ಜನ ಇದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ತಾವು ಯಾವ ಆಡಳಿತದ ಕೆಳಗೆ ಕೆಲಸ ಮಾಡ್ತಿದ್ದೀವಿ, ಅದರಲ್ಲಿ ತಮಗೇನಾದ್ರೂ ಪಾಲಿದೆಯಾ ಅನ್ನೋದೇ ಗೊತ್ತಿಲ್ಲ. ಇದು ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿಲ್ಲ. ನನ್ನ ದೂರು ಶುರುವಾಗೋದೇ ಇಲ್ಲಿಂದ.

ಮೊದಲು ಓದುಗರಿಗೋಸ್ಕರ ಒಂದಿಷ್ಟು ಹಿನ್ನೆಲೆ, ನಿಮಗೆ ಗೊತ್ತಿರೋದೇ ಆದ್ರೂ ಸ್ವಲ್ಪ ಸಹಿಸ್ಕೊಳ್ಳಿ. ಲಂಡನ್ ಅಂದ್ರೆ ಒಂದೇ ಊರು, ಅದಕ್ಕೊಬ್ಬ ಮೇಯರ್ ಅಂತ ನಮ್ಮೂರಲ್ಲಿ ಎಲ್ಲರೂ ಅಂದ್ಕೊಂಡಿರ್ತಾರೆ. ಆದ್ರೆ ಹಳೇ ರೋಮನ್ ಗೋಡೆ ಇದ್ದ ಜಾಗದ ಸುತ್ತಮುತ್ತ ಬರೀ 2.9 ಚದರ ಕಿಲೋಮೀಟರ್ ಇರೋ ಈ ಸಿಟಿಗೆ ಬೇರೆಯದೇ ಆಡಳಿತ, ಬೇರೆಯದೇ ಮೇಯರ್, ಬೇರೆಯದೇ ಪೊಲೀಸ್. 1067 ರಲ್ಲಿ ವಿಲಿಯಂ ರಾಜ ಈ ಊರಿನವರ ಹಕ್ಕುಗಳನ್ನ ಮುಟ್ಟಲ್ಲ ಅಂತ ಸನದು ಬರೆದುಕೊಟ್ಟ. 1189 ರ ಹೊತ್ತಿಗೆ ಹೆನ್ರಿ ಫಿಟ್ಜ್-ಐಲ್ವಿನ್ ಮೊದಲ ಮೇಯರ್ ಆದ. 1215 ರಲ್ಲಿ ಜಾನ್ ರಾಜ ಪ್ರತಿ ವರ್ಷ ಮೇಯರ್‌ನ ತಾವೇ ಆರಿಸ್ಕೊಳ್ಳೋ ಹಕ್ಕು ಕೊಟ್ಟ, ಅದೇ ವರ್ಷದ ಮ್ಯಾಗ್ನಾ ಕಾರ್ಟಾದಲ್ಲೂ ಲಂಡನ್ ಸಿಟಿಯ ಹಳೇ ಹಕ್ಕುಗಳು ಹಾಗೇ ಉಳೀಬೇಕು ಅಂತ ಬರೆದಿದೆ. 1835 ರಲ್ಲಿ ಈ ದೇಶದ ಹಳೇ ಪುರಸಭೆಗಳನ್ನ ಪಾರ್ಲಿಮೆಂಟ್ ಹಿಡಿದು ಸುಧಾರಿಸಿದಾಗ ನಿಮ್ಮನ್ನ ಹೊರಗೆ ಬಿಟ್ರು. 25 ವಾರ್ಡು, ವಾರ್ಡಿಗೊಬ್ಬ ಹಿರಿಯ ಸದಸ್ಯರ ಹಾಗೆ 25 ಆಲ್ಡರ್‌ಮನ್, 100 ಕಾಮನ್ ಕೌನ್ಸಿಲರು, ಇಷ್ಟು ಜನ ಕೋರ್ಟ್ ಆಫ್ ಕಾಮನ್ ಕೌನ್ಸಿಲ್ ಅನ್ನೋ ಸಭೆಯಲ್ಲಿ ಸೇರಿ ಜಗತ್ತಿನ ಅತಿ ದೊಡ್ಡ ಹಣಕಾಸು ಕೇಂದ್ರಗಳಲ್ಲಿ ಒಂದನ್ನ ನೋಡ್ಕೋತೀರ.

ಇಲ್ಲಿ ರಾತ್ರಿ ಮಲಗೋರು, ಅಂದ್ರೆ ನಿವಾಸಿಗಳು, 2021 ರ ಜನಗಣತಿ ಪ್ರಕಾರ ಒಂಬತ್ತು ಸಾವಿರವೂ ಇಲ್ಲ. ಹಗಲು ಕೆಲಸಕ್ಕೆ ಬರೋರು ಆರು ಲಕ್ಷಕ್ಕೂ ಹೆಚ್ಚು. ಹೀಗಿರುವಾಗ ಬರೀ ನಿವಾಸಿಗಳ ಓಟಿನಿಂದ ಆಡಳಿತ ನಡೆಸೋದು ಸರಿಯಲ್ಲ, ದುಡಿಯೋಕೆ ಬರೋರಿಗೂ ದನಿ ಬೇಕು ಅಂತ ನೀವು ವಾದ ಮಾಡ್ತೀರಿ. ಈ ವಾದವನ್ನ ನಾನು ಒಪ್ತೀನಿ. ಬಹಳ ಜನ ಒಪ್ಪಲ್ಲ, ಬ್ರಿಟನ್ನಿನ ಬೇರೆ ಕಡೆಯೆಲ್ಲ 1969 ರಲ್ಲೇ ತೆಗೆದುಹಾಕಿದ ವ್ಯಾಪಾರಿ ಓಟು, ಅಂದ್ರೆ ಅಂಗಡಿ-ಆಫೀಸಿನ ಲೆಕ್ಕದಲ್ಲಿ ಸಿಗೋ ಓಟು, ಇಲ್ಲಿ ಮಾತ್ರ ಯಾಕೆ ಉಳೀಬೇಕು ಅಂತ ಕೇಳ್ತಾರೆ, ಅವರದೂ ತೆಗೆದುಹಾಕೋ ಮಾತಲ್ಲ. ಆದ್ರೆ ಎಚ್ಚರ ಇರೋ ಹೊತ್ತಿನಲ್ಲಿ ಅರ್ಧ ಹೊತ್ತು ಎಲ್ಲಿ ಕಳೀತೀವೋ, ಯಾವ ಫುಟ್‌ಪಾತ್ ಮೇಲೆ ನಡೀತೀವೋ, ಯಾವ ಗಾಳಿ ಕುಡೀತೀವೋ ಅಲ್ಲಿನ ಆಡಳಿತದಲ್ಲಿ ನಮಗೊಂದು ಮಾತು ಇರಬೇಕು ಅನ್ನೋದು ನ್ಯಾಯವಾದ ವಿಚಾರ ಅಂತಲೇ ನನಗೆ ಅನ್ಸುತ್ತೆ.

ತೊಂದರೆ ಇರೋದು ಆ ಓಟನ್ನ ನೀವು ಯಾರ ಕೈಗೆ ಕೊಟ್ಟಿದ್ದೀರಿ ಅನ್ನೋದ್ರಲ್ಲಿ.

2002 ರ ವಾರ್ಡ್ ಚುನಾವಣೆ ಕಾನೂನು ಏನು ಹೇಳುತ್ತೆ ಅಂತ ನಾನು ಕೂತು ಓದಿದ್ದೀನಿ. ಒಂಬತ್ತು ಜನರವರೆಗೆ ಇರೋ ಸಂಸ್ಥೆ ಒಬ್ಬ ಮತದಾರನನ್ನ ನೇಮಿಸಬಹುದು, 50 ರವರೆಗೆ ಪ್ರತಿ ಐದು ಜನಕ್ಕೆ ಒಬ್ಬ, ಅದರ ಮೇಲೆ ಪ್ರತಿ 50 ಜನಕ್ಕೆ ಒಬ್ಬ. ಈ ಲೆಕ್ಕದಲ್ಲಿ ಒಂದು ಸಾವಿರ ಜನ ಕೆಲಸ ಮಾಡೋ ಆಫೀಸಿಗೆ 29 ಓಟು, 3500 ಜನ ಇರೋ ಆಫೀಸಿಗೆ 79 ಓಟು. ಓಟು ಹುಟ್ಟೋದು ನಮ್ಮ ತಲೆ ಎಣಿಸಿ, ಆದ್ರೆ ಅದು ಯಾರಿಗೆ ಸಿಗಬೇಕು ಅಂತ ತೀರ್ಮಾನ ಮಾಡೋದು ಸಂಸ್ಥೆ. ಆ ಸಾವಿರ ಜನರಲ್ಲಿ 29 ಜನ ಯಾರು, ಅವರನ್ನ ಹೇಗೆ ಆರಿಸಿದ್ರು, ಕೇಳಿದ್ರಾ, ಲಾಟರಿ ಎತ್ತಿದ್ರಾ, ಮೇಲಿನವರು ತಮ್ಮತಮ್ಮಲ್ಲೇ ಹಂಚ್ಕೊಂಡ್ರಾ, ಉಳಿದ 971 ಜನಕ್ಕೆ ಇದನ್ನ ಹೇಳೋ ಕಟ್ಟುಪಾಡೇ ಇಲ್ಲ. ಸಿಬ್ಬಂದಿಯಲ್ಲಿ ಎಲ್ಲ ಥರದವರೂ ಇರೋ ಹಾಗೆ ನೋಡ್ಕೊಂಡು ಮತದಾರರನ್ನ ನೇಮಿಸಿ ಅಂತ ನೀವು ಸಂಸ್ಥೆಗಳನ್ನ ಕೋರ್ತೀರಿ, ಒಳ್ಳೇದು, ಆದ್ರೆ ಕೋರಿಕೆಗೂ ನಿಯಮಕ್ಕೂ ಇರೋ ದೂರ ಎಷ್ಟು ಅಂತ ಆಡಳಿತ ನಡೆಸೋ ನಿಮಗೆ ನಾನು ಹೇಳ್ಬೇಕಾಗಿಲ್ಲ.

ನನ್ನ ಅನುಭವವನ್ನೇ ಹೇಳ್ತೀನಿ, ಸಂಸ್ಥೆ ಹೆಸರು ಬೇಡ. 2025 ರ ಮಾರ್ಚ್‌ನಲ್ಲಿ ನಿಮ್ಮ ಚುನಾವಣೆ ಇತ್ತಲ್ಲ, ಅದಕ್ಕಿಂತ ಸ್ವಲ್ಪ ತಿಂಗಳು ಮುಂಚೆ ನಮ್ಮ ಬೀದಿಯಲ್ಲಿ ಮತದಾರರ ನೋಂದಣಿ ಬಗ್ಗೆ ಒಂದು ಬ್ಯಾನರ್ ನೋಡಿ ಎಚ್ಆರ್‌ಗೆ ಮೇಲ್ ಹಾಕಿದೆ, ನಮ್ಮ ಆಫೀಸಿಂದ ಯಾರ್ಯಾರು ಮತದಾರರು, ನನ್ನ ಹೆಸರು ಸೇರಿಸ್ಬಹುದಾ ಅಂತ. ಎಚ್ಆರ್‌ನವರು ಇದು ನಮಗೆ ಬರಲ್ಲ, ಫೆಸಿಲಿಟೀಸ್ ಕೇಳಿ ಅಂದ್ರು. ಫೆಸಿಲಿಟೀಸ್‌ನವರು ಕಾರ್ಪೊರೇಟ್ ಅಫೇರ್ಸ್ ಕಡೆ ತೋರಿಸಿದ್ರು. ಅಲ್ಲಿಂದ ಎರಡು ಸಾಲಿನ ಉತ್ತರ ಬಂತು: ಹೆಸರುಗಳನ್ನ ಈಗಾಗಲೇ ಕಳಿಸಿ ಆಗಿದೆ, ನಿಮ್ಮ ಆಸಕ್ತಿಗೆ ಥ್ಯಾಂಕ್ಸ್. ಯಾರ ಹೆಸರು ಅಂತ ಇಲ್ಲ, ಮುಂದಿನ ಸಲಕ್ಕೆ ಏನು ಮಾಡ್ಬೇಕು ಅಂತ ಇಲ್ಲ. ನನ್ನ ಟೀಮಲ್ಲಿ ಕೇಳಿದೆ, ಪಕ್ಕದ ಟೀಮಲ್ಲಿ ಕೇಳಿದೆ, ಇಂಥದ್ದೊಂದು ಇದೆ ಅಂತಾನೇ ಒಬ್ಬರಿಗೂ ಗೊತ್ತಿರ್ಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಕಟ್ಟಡದಲ್ಲಿರೋ ಒಬ್ಬ ಇಂಗ್ಲಿಷ್ ಸಹೋದ್ಯೋಗಿ, ಪಾಪ, ನೀನು ತಮಾಷೆ ಮಾಡ್ತಿದ್ದೀಯ ಅಂತಲೇ ಅಂದ್ಕೊಂಡ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಮಾತು ಬಿಡಿಸಿ ಹೇಳ್ಬೇಕು. ನಮ್ಮಲ್ಲಿ ಎಷ್ಟೋ ಜನ ಭಾರತದ ಪಾಸ್‌ಪೋರ್ಟ್ ಇದೆ, ಹಾಗಾಗಿ ಇಲ್ಲಿ ಓಟು ಹಾಕೋ ಹಾಗಿಲ್ಲ ಅಂದ್ಕೊಂಡಿದ್ದಾರೆ. ಹಾಗಿಲ್ಲ. ಭಾರತ ಕಾಮನ್‌ವೆಲ್ತ್ ದೇಶ, ಇಲ್ಲಿರೋಕೆ ಸರಿಯಾದ ವೀಸಾ ಇದ್ರೆ ನಿಮ್ಮ ಮನೆ ಇರೋ ಕಡೆಯ ಸ್ಥಳೀಯ ಕೌನ್ಸಿಲ್‌ಗೂ ಓಟಿದೆ, ಪಾರ್ಲಿಮೆಂಟಿಗೂ ಓಟಿದೆ, ಸಂಸ್ಥೆ ನೇಮಿಸಿದ್ರೆ ಸಿಟಿಯಲ್ಲೂ ಹಾಕಬಹುದು. ಬೆಂಗಳೂರಲ್ಲಿ 2020 ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆನೇ ಇಲ್ಲದೆ ಅಧಿಕಾರಿಗಳ ಕೈಲಿ ಊರು ನಡೀತು, ರಸ್ತೆ ಗುಂಡಿ ಬಿದ್ರೆ ಯಾರನ್ನ ಕೇಳೋದು ಅಂತ ಗೊತ್ತಾಗದೆ ಜನ ಒದ್ದಾಡಿದ್ದನ್ನ ನಮ್ಮಣ್ಣನ ಮನೆಯಲ್ಲೇ ನೋಡಿದ್ದೀನಿ, ಹಾಗಾಗಿ ವಾರ್ಡ್ ಮಟ್ಟದ ಓಟನ್ನ ನಾನು ಸಣ್ಣದು ಅಂತ ಯಾವತ್ತೂ ಅಂದ್ಕೊಂಡಿಲ್ಲ.

ಈಗ ಇನ್ನೂ ಕೆಳಗಿನವರ ವಿಷಯಕ್ಕೆ ಬರ್ತೀನಿ, ನನಗಿಂತ ಅವರಿಗೋಸ್ಕರವೇ ಈ ಪತ್ರ ಅಂದ್ರೂ ಸರಿ. ನಮ್ಮ ಕೆಲಸದಲ್ಲಿ ದೊಡ್ಡ ರಿಲೀಸ್ ಇದ್ರೆ ರಾತ್ರಿಯಿಡೀ ಆಫೀಸಲ್ಲಿ ಇರ್ಬೇಕಾಗುತ್ತೆ. ಬೆಳಗಿನ ಜಾವ ಐದಕ್ಕೆಲ್ಲ ಹೌಸ್‌ಕೀಪಿಂಗ್‌ನವರು ಬರ್ತಾರೆ. ನಮ್ಮ ಫ್ಲೋರಿಗೆ ಬರೋರು ಘಾನಾ ದೇಶದ ಒಬ್ಬ ಹಿರಿಯ ಹೆಂಗಸು, ನಾನು ಅವರನ್ನ ಆಂಟಿ ಅಂತಾನೇ ಕರೆಯೋದು, ಅವರೂ ನನ್ನನ್ನ ಮಗನೇ ಅಂತಾರೆ. ದಕ್ಷಿಣ ಲಂಡನ್ನಿಂದ ಎರಡು ನೈಟ್ ಬಸ್ ಬದಲಾಯಿಸ್ಕೊಂಡು ಬರ್ತಾರೆ. ಬಂದವರೇ ನೀಲಿ ಏಪ್ರನ್ ಕಟ್ಕೊಂಡು ಮೊದಲು ಪ್ಯಾಂಟ್ರಿ ಸಿಂಕ್, ಆಮೇಲೆ ಮೀಟಿಂಗ್ ರೂಮುಗಳ ಗಾಜು, ಆಮೇಲೆ ಡೆಸ್ಕಿನ ಕೆಳಗಿನ ಬುಟ್ಟಿಗಳು. ಗಾಜು ಒರೆಸುವಾಗ ಒಂದು ಕೈಲಿ ಸ್ಪ್ರೇ, ಇನ್ನೊಂದು ಕೈಲಿ ಎರಡು ಬಟ್ಟೆ, ಒದ್ದೆದು ಒಂದು, ಒಣಗಿದ್ದು ಒಂದು, ಗಾಜಿನ ಮೇಲೆ ಒಂದು ಗೆರೆ ಉಳಿಯಲ್ಲ. ಎಂಟು ಗಂಟೆಗೆ ನಮ್ಮವರು ಬರೋ ಹೊತ್ತಿಗೆ ಅವರು ಹೋಗಿ ಆಗಿರುತ್ತೆ. ಹತ್ತು ವರ್ಷಕ್ಕೂ ಮೇಲಾಯ್ತು ಅವರು ಆ ಫ್ಲೋರಿಗೆ ಬರೋಕೆ ಶುರು ಮಾಡಿ, ಅಷ್ಟರಲ್ಲಿ ನಮ್ಮ ಮ್ಯಾನೇಜರುಗಳು ನಾಲ್ಕು ಜನ ಬದಲಾದ್ರು, ಕ್ಲೀನಿಂಗ್ ಕಾಂಟ್ರ್ಯಾಕ್ಟೂ ಕೈ ಬದಲಾಯ್ತು, ಆಂಟಿ ಮಾತ್ರ ಅವರೇ.

ಒಂದು ದಿನ ಟೀ ಕುಡೀತಾ ಈ ಓಟಿನ ವಿಷಯ ಹೇಳಿದೆ. ಘಾನಾ ಕೂಡ ಕಾಮನ್‌ವೆಲ್ತ್ ದೇಶವೇ, ಅವರಿಗೂ ಅರ್ಹತೆ ಇದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದ್ದು ಇಷ್ಟೇ: ಅವರು ನನ್ನನ್ನ ಯಾವ ಆಫೀಸಿನ ಲೆಕ್ಕಕ್ಕೆ ಹಿಡೀತಾರೆ ಮಗಾ? ನನ್ನ ಹತ್ರ ಉತ್ತರ ಇರ್ಲಿಲ್ಲ. ಸಂಬಳ ಕೊಡೋದು ಕಾಂಟ್ರ್ಯಾಕ್ಟ್ ಕಂಪನಿ, ಅದರ ಆಫೀಸು ಸಿಟಿಯಿಂದ ಎಷ್ಟೋ ದೂರ. ಕೆಲಸ ನಡೆಯೋದು ನಮ್ಮ ಕಟ್ಟಡದಲ್ಲಿ, ಆದ್ರೆ ನಮ್ಮ ಸಂಸ್ಥೆಯ ಸಿಬ್ಬಂದಿ ಪಟ್ಟಿಯಲ್ಲಿ ಅವರ ಹೆಸರಿಲ್ಲ. ರಿಸೆಪ್ಷನ್‌ನ ಸೆಕ್ಯೂರಿಟಿಯವರದ್ದೂ ಇದೇ ಕಥೆ, ಕ್ಯಾಂಟೀನಿನವರದ್ದೂ ಇದೇ, ವೆಂಡರ್ ಕಂಪನಿಗಳ ಮೂಲಕ ಬಂದು ವರ್ಷಗಟ್ಟಲೆ ಅದೇ ಡೆಸ್ಕಲ್ಲಿ ಕೂರೋ ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಹುಡುಗರದ್ದೂ ಇದೇ. ಹಗಲಿನ ಜನಸಂಖ್ಯೆ ಆರು ಲಕ್ಷ ದಾಟಿದೆ ಅಂತ ನೀವು ಹೆಮ್ಮೆಯಿಂದ ಹೇಳುವಾಗ ಇವರೆಲ್ಲ ಅದರೊಳಗೆ ಇರ್ತಾರೆ. ಓಟು ಹಂಚೋ ಹೊತ್ತಿಗೆ ಇವರು ಎಲ್ಲಿ ಹೋಗ್ತಾರೆ?

ನಿಮ್ಮ ಸಂಸ್ಥೆ ಹುಟ್ಟಿದ್ದು ಹೇಗೆ ಅಂತ ಒಮ್ಮೆ ನೆನಪು ಮಾಡ್ಕೊಳ್ಳಿ. ಗಿಲ್ಡ್‌ಹಾಲ್ ಅನ್ನೋ ಕಟ್ಟಡಕ್ಕೆ ಜೀವ ಕೊಟ್ಟಿದ್ದು ಕಸುಬುದಾರರು. ಮೀನು ಮಾರೋರು, ಬಟ್ಟೆ ಹೊಲಿಯೋರು, ಬ್ರೆಡ್ ಸುಡೋರು, ಮಾಂಸ ಕತ್ತರಿಸೋರು, ಬಡಗಿಗಳು, ಕಮ್ಮಾರರು, ಇವರ ಗಿಲ್ಡುಗಳೇ ಮುಂದೆ ಲಿವರಿ ಕಂಪನಿಗಳಾದವು, ಇವತ್ತಿಗೂ ಮೇಯರ್ ಆಯ್ಕೆಗೆ ಹೆಸರು ಆರಿಸಿ ಕೊಡೋದು ಆ ಕಂಪನಿಗಳ ಲಿವರಿ ಸದಸ್ಯರೇ, ಸೆಪ್ಟೆಂಬರ್ 29 ರ ಹೊತ್ತಿಗೆ ಗಿಲ್ಡ್‌ಹಾಲಲ್ಲಿ ಸೇರಿ. ನಮ್ಮ ಐಟಿಯವರ ಕಂಪನಿ 1992 ರಲ್ಲಿ ನೂರನೆಯದಾಗಿ ಆ ಸಾಲಿಗೆ ಸೇರಿತು. ಅಂದ್ರೆ ಹೊಸ ಕಸುಬು ಬಂದಾಗ ಅದಕ್ಕೆ ಜಾಗ ಮಾಡ್ಕೊಡೋದು ನಿಮಗೆ ಬರುತ್ತೆ, ಆ ಪದ್ಧತಿ ನಿಮ್ಮಲ್ಲಿದೆ.

ನಿಮ್ಮ ಮೊದಲ ಮೇಯರ್ ಇದ್ದ ಅದೇ ಹನ್ನೆರಡನೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲೂ ಕಸುಬುದಾರರು ಒಂದು ಕಡೆ ಸೇರಿದ್ರು. ಬಟ್ಟೆ ಒಗೆಯೋ ಮಡಿವಾಳ ಮಾಚಿದೇವ, ದೋಣಿ ನಡೆಸೋ ಅಂಬಿಗರ ಚೌಡಯ್ಯ, ಚರ್ಮ ಹದ ಮಾಡೋ ಡೋಹರ ಕಕ್ಕಯ್ಯ, ಇಂಥವರೆಲ್ಲ ರಾಜನ ಮಂತ್ರಿ ಬಸವಣ್ಣನ ಜೊತೆ ಸಮಸಮ ಕೂತು ಮಾತಾಡಿದ್ರು. ಆ ಬಸವಣ್ಣನವರ ಪ್ರತಿಮೆ ಥೇಮ್ಸ್ ನದಿಯ ಆಚೆ ದಡದಲ್ಲಿ, ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ 2015 ರಿಂದ ಇದೆ, ನಿಮ್ಮಲ್ಲಿ ಯಾರಾದ್ರೂ ಆ ಕಡೆ ಹೋದ್ರೆ ನೋಡಿ ಬನ್ನಿ. ಕಾಯಕ ಮಾಡೋನಿಗೆ ಸಭೆಯಲ್ಲಿ ಮಾತೂ ಇರಬೇಕು ಅನ್ನೋದನ್ನ ನಾವು ಬೇರೆಯವರಿಂದ ಕಲಿತಿದ್ದಲ್ಲ, ಅದಕ್ಕೇ ನಿಮ್ಮನ್ನ ಕೇಳೋಕೆ ನನಗೆ ಸಂಕೋಚ ಇಲ್ಲ.

ನಿಮ್ಮ ಬೀದಿಗಳಿಗೂ ನಮ್ಮೂರಿಗೂ ಇನ್ನೂ ಒಂದು ನಂಟಿದೆ, ಅದನ್ನೂ ಹೇಳಿಬಿಡ್ತೀನಿ. ಇವತ್ತು ಲಾಯ್ಡ್ಸ್ ಕಟ್ಟಡ ಇರೋ ಲೆಡನ್‌ಹಾಲ್ ಬೀದಿಯ ಜಾಗದಲ್ಲೇ ಈಸ್ಟ್ ಇಂಡಿಯಾ ಹೌಸ್ ಇತ್ತು. 1799 ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮರದ ಹುಲಿಯನ್ನ ತಂದು ಆ ಕಟ್ಟಡದಲ್ಲೇ ಪ್ರದರ್ಶನಕ್ಕೆ ಇಟ್ಟಿದ್ರು. ರಾಯಲ್ ಎಕ್ಸ್‌ಚೇಂಜ್ ಮುಂದೆ ಕುದುರೆ ಮೇಲೆ ಕೂತಿರೋ ವೆಲಿಂಗ್ಟನ್ ಇದಾರಲ್ಲ, ಅವರು ಆ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ, ಆಮೇಲೆ ಶ್ರೀರಂಗಪಟ್ಟಣದ ಆಡಳಿತವೂ ಅವರ ಕೈಗೇ ಬಂತು. ಇದನ್ನ ಹಳೇ ದ್ವೇಷ ತೀರಿಸ್ಕೊಳ್ಳೋಕೆ ಹೇಳ್ತಿಲ್ಲ. ಈ ಒಂದು ಚದರ ಮೈಲಿಯಲ್ಲಿ ಕೂತು ತಗೊಂಡ ತೀರ್ಮಾನಗಳು ಯಾವತ್ತೂ ಈ ಒಂದು ಚದರ ಮೈಲಿ ಒಳಗೇ ಉಳಿದಿಲ್ಲ, ಆವತ್ತು ಆ ತೀರ್ಮಾನಗಳಲ್ಲಿ ನಮಗೆ ಮಾತಿರ್ಲಿಲ್ಲ, ಇವತ್ತು ಅದೇ ಬೀದಿಯಲ್ಲಿ ಟ್ಯಾಕ್ಸ್ ಕಟ್ಕೊಂಡು ಕೆಲಸ ಮಾಡೋ ನಮಗೆ ಸಣ್ಣದಾದ್ರೂ ಒಂದು ಮಾತಿರ್ಲಿ ಅಂತ ಕೇಳ್ತಿದ್ದೀನಿ.

ನಿಮ್ಮಿಂದ ಒಳ್ಳೇದೇನೂ ಆಗಿಲ್ಲ ಅಂತ ಹೇಳೋದು ಅನ್ಯಾಯ ಆಗುತ್ತೆ. ಊರಿಂದ ಬಂದ ನೆಂಟರೆಲ್ಲ ಸೆಲ್ಫಿ ತಗೊಳ್ಳೋ ಟವರ್ ಬ್ರಿಡ್ಜ್ ಸೇರಿ ಥೇಮ್ಸ್ ಮೇಲಿನ ಐದು ಸೇತುವೆಗಳನ್ನ ನೋಡ್ಕೊಳ್ಳೋದು 1282 ರ ಸನದಿನ ಬ್ರಿಡ್ಜ್ ಹೌಸ್ ಎಸ್ಟೇಟ್ಸ್ ನಿಧಿ, ಅದರ ಟ್ರಸ್ಟಿ ನೀವು, ಸೇತುವೆ ಖರ್ಚು ಕಳೆದು ಮಿಕ್ಕಿದ್ದು ಇಡೀ ಲಂಡನ್ನಿನ ಬಡವರ ಕೆಲಸಗಳಿಗೆ ಹೋಗುತ್ತೆ. ಇಲ್ಫರ್ಡ್ ಕಡೆಯ ನಮ್ಮ ಕನ್ನಡದ ಕುಟುಂಬಗಳು ಭಾನುವಾರ ಚಿತ್ರಾನ್ನ ಕಟ್ಕೊಂಡು ಹೋಗೋ ಎಪಿಂಗ್ ಫಾರೆಸ್ಟ್ 1878 ರ ಕಾನೂನಿನಿಂದ ನಿಮ್ಮ ಕೈಗೆ ಬರದೇ ಇದ್ದಿದ್ರೆ ಇಷ್ಟು ಹೊತ್ತಿಗೆ ಬೇಲಿ ಹಾಕಿ ಮನೆ ಕಟ್ಟಿ ಮುಗಿಸಿರ್ತಿದ್ರು. ಹ್ಯಾಂಪ್‌ಸ್ಟೆಡ್ ಹೀತ್ ನಿಮ್ಮದು. ಬಾರ್ಬಿಕನ್ ಲೈಬ್ರರಿಯಲ್ಲಿ ಲಂಚ್ ಹೊತ್ತಲ್ಲಿ ಕೂತು ಓದೋ ಸುಖ ನನಗೆ ಚೆನ್ನಾಗಿ ಗೊತ್ತು. ಇಡೀ ದೇಶದ ವಂಚನೆ ಕೇಸುಗಳ ತನಿಖೆಗೆ ಮುಂದಾಳು ನಿಮ್ಮ ಸಿಟಿ ಪೊಲೀಸರೇ. ಇಂಥ ಕೆಲಸ ಮಾಡೋ ತಾಕತ್ತು ನಿಮಗೆ ಇದೆ ಅಂತಾನೇ ಇಷ್ಟು ಉದ್ದದ ಪತ್ರ ಬರೀತಿದ್ದೀನಿ.

ಆದ್ರೆ ಆ ತಾಕತ್ತಿನ ಹಿಂದಿರೋ ದುಡ್ಡಿನ ಬಗ್ಗೆ ನೀವು ಯಾಕೆ ಇಷ್ಟು ಬಿಗಿ? ಇಷ್ಟು ಶತಮಾನದಿಂದ ಬೆಳೆದುಬಂದ ನಿಮ್ಮ ಖಾಸಗಿ ನಿಧಿ, ಮೊನ್ನೆ ಮೊನ್ನೆವರೆಗೂ ಸಿಟೀಸ್ ಕ್ಯಾಶ್ ಅಂತಿದ್ರಿ ಈಗ ಸಿಟೀಸ್ ಎಸ್ಟೇಟ್ ಅಂತೀರಿ, ಅದರ ಲೆಕ್ಕ ಮೊದಲ ಸಲ ಜನಕ್ಕೆ ಕಂಡಿದ್ದು 2012 ರಲ್ಲಿ. ಅದಕ್ಕೆ ಹಿಂದಿನ ಚಳಿಗಾಲ ಸೇಂಟ್ ಪಾಲ್ಸ್ ಚರ್ಚಿನ ಮುಂದೆ ದೊಡ್ಡ ಹಣಕಾಸು ಸಂಸ್ಥೆಗಳ ವಿರುದ್ಧದ ಆಕ್ಯುಪೈ ಹೋರಾಟದವರು ಟೆಂಟ್ ಹಾಕಿ ತಿಂಗಳುಗಟ್ಟಲೆ ಕೂತು ಕೇಳಿದ್ದ ಪ್ರಶ್ನೆಗಳಲ್ಲಿ ಇದೂ ಒಂದು. ಅವರನ್ನ ಕೋರ್ಟ್ ಆದೇಶ ತಂದು 2012 ರ ಫೆಬ್ರವರಿಯಲ್ಲಿ ಎಬ್ಬಿಸಿದ್ರಿ, ಲೆಕ್ಕ ಹೊರಗೆ ಬಂದಾಗ ಅದರಲ್ಲಿ ನೂರು ಕೋಟಿ ಪೌಂಡಿಗೂ ಮೀರಿದ ಆಸ್ತಿ ಇತ್ತು. ಈ ದೇಶದ ಮಾಹಿತಿ ಹಕ್ಕಿನ ಕಾನೂನಿನಲ್ಲೂ ನೀವು ಸ್ಥಳೀಯ ಆಡಳಿತ, ಪೊಲೀಸ್ ಪ್ರಾಧಿಕಾರ, ಬಂದರು ಆರೋಗ್ಯ ಪ್ರಾಧಿಕಾರ ಆಗಿ ಮಾಡೋ ಕೆಲಸಕ್ಕೆ ಮಾತ್ರ ಉತ್ತರ ಕೊಡಬೇಕು ಅಂತಿದೆ, ಉಳಿದಿದ್ದಕ್ಕೆ ಇಲ್ಲ. ಹಣಕಾಸು ವಲಯದ ಪರವಾಗಿ ದೇಶವಿದೇಶ ಸುತ್ತಿ ಮಾತಾಡೋದು, ಔತಣ ಕೊಡೋದು, ಪಾರ್ಲಿಮೆಂಟಿಗೆ ಬರೋ ಮಸೂದೆಗಳ ಮೇಲೆ ಕಣ್ಣಿಡೋಕೆ 1571 ರಿಂದ ಬಂದಿರೋ ರಿಮೆಂಬ್ರೆನ್ಸರ್ ಅನ್ನೋ ಹುದ್ದೆ, ಇವೆಲ್ಲ ಇರ್ಲಿ, ಬೇಡ ಅನ್ನಲ್ಲ. ಆದ್ರೆ ಯಾವ ವಿಷಯದಲ್ಲಿ ಯಾರ ಪರವಾಗಿ ಎಷ್ಟು ಖರ್ಚು ಮಾಡಿ ಮಾತಾಡಿದ್ವಿ ಅನ್ನೋದನ್ನ ಸಾಮಾನ್ಯನಿಗೆ ಅರ್ಥ ಆಗೋ ಹಾಗೆ ಹೇಳೋದ್ರಲ್ಲಿ ನಿಮಗೆ ಏನು ನಷ್ಟ?

ಇನ್ನೊಂದು ವಿಷಯ ಬಾರ್ಬಿಕನ್ ಪಕ್ಕದ ಲಂಡನ್ ವಾಲ್ ವೆಸ್ಟ್. ಹಳೇ ಮ್ಯೂಸಿಯಂ ಕಟ್ಟಡವನ್ನೂ ಬ್ಯಾಸ್ಟಿಯನ್ ಹೌಸನ್ನೂ ಕೆಡವಿ ದೊಡ್ಡ ಆಫೀಸು ಕಟ್ಟಡ ಎಬ್ಬಿಸೋ ಆ ಯೋಜನೆಗೆ ಅರ್ಜಿ ಹಾಕಿದ್ದು ಸಿಟಿ ಕಾರ್ಪೊರೇಷನ್, ಅರ್ಜಿ ವಿಚಾರಣೆ ಮಾಡಿ 2024 ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದೂ ಸಿಟಿ ಕಾರ್ಪೊರೇಷನ್ನಿನ ಪ್ಲಾನಿಂಗ್ ಸಮಿತಿ. ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆ, ತೀರ್ಮಾನ ಮಾಡೋ ಸಮಿತಿಯವರು ಬೇರೆ, ಜಾಗದ ಒಡೆತನ ನೋಡ್ಕೊಳ್ಳೋರು ಬೇರೆ ಅಂತ ಹೇಳ್ತೀರಿ. ಗಟ್ಟಿಮುಟ್ಟಾದ ಕಟ್ಟಡ ಯಾಕೆ ಕೆಡವ್ತೀರಿ, ಅದನ್ನೇ ರಿಪೇರಿ ಮಾಡಿ ಬಳಸಿ ಅಂತ ನಿವಾಸಿಗಳು ಗೋಗರೆದ್ರು. ನೂರು ಕೌನ್ಸಿಲರುಗಳಲ್ಲಿ ನಿವಾಸಿಗಳು ಹೆಚ್ಚಿರೋ ನಾಲ್ಕು ವಾರ್ಡಿನವರು, ಅಂದ್ರೆ ಆಲ್ಡರ್ಸ್‌ಗೇಟ್, ಕ್ರಿಪಲ್‌ಗೇಟ್, ಪೋರ್ಟ್‌ಸೋಕನ್, ಕ್ವೀನ್‌ಹೈತ್‌ನವರು, ಹೆಚ್ಚುಕಮ್ಮಿ ಐದರಲ್ಲೊಂದು ಪಾಲು ಅಷ್ಟೇ. ಉಳಿದ ವಾರ್ಡುಗಳಲ್ಲಿ ಓಟಿರೋದು ಹೆಚ್ಚಾಗಿ ಸಂಸ್ಥೆಗಳ ಕೈಲಿ, ಎಷ್ಟೋ ಕಡೆ ಸ್ಪರ್ಧೆನೇ ಇಲ್ಲದೆ ಆಯ್ಕೆ ಆಗಿಬಿಡ್ತಾರೆ. ಎದುರಾಳಿನೇ ಇಲ್ಲದ ವಾರ್ಡಲ್ಲಿ ಮನೆಮನೆಗೆ ಬಂದು ನಿಮ್ಮ ಕಷ್ಟ ಏನು ಅಂತ ಕೇಳೋ ಅಗತ್ಯ ಯಾರಿಗಿರುತ್ತೆ?

ಕಾನೂನು ಬದಲಾಯಿಸೋದು ಪಾರ್ಲಿಮೆಂಟ್ ಕೆಲಸ, ನಮ್ಮದಲ್ಲ ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ. 2002 ರ ಕಾನೂನನ್ನ ಖಾಸಗಿ ಮಸೂದೆಯಾಗಿ ಪಾರ್ಲಿಮೆಂಟಿಗೆ ಒಯ್ದಿದ್ದು ನೀವೇ, ನಾಲ್ಕು ವರ್ಷ ಅದರ ಬೆನ್ನು ಹತ್ತಿ ಪಾಸ್ ಮಾಡಿಸ್ಕೊಂಡ್ರಿ. 2024 ರ ನವೆಂಬರ್‌ನಲ್ಲಿ ಸ್ಮಿತ್‌ಫೀಲ್ಡ್ ಮಾಂಸದ ಮಾರ್ಕೆಟ್ಟನ್ನೂ ಬಿಲ್ಲಿಂಗ್ಸ್‌ಗೇಟ್ ಮೀನು ಮಾರ್ಕೆಟ್ಟನ್ನೂ ಡೇಗನಂಗೆ ಸಾಗಿಸೋ ಯೋಜನೆ ಕೈಬಿಟ್ಟ ಮೇಲೂ ಮಾರ್ಕೆಟ್ ನಡೆಸೋ ಹೊಣೆಯಿಂದ ಬಿಡುಗಡೆ ಆಗೋಕೆ ಬೇಕಾದ ಮಸೂದೆಯನ್ನ ಅದೇ ತಿಂಗಳು ತಯಾರು ಮಾಡಿ ಕೊಟ್ರಿ. ಎಂಟುನೂರು ವರ್ಷಕ್ಕೂ ಹಳೇದಾದ ಸಂತೆಯನ್ನ ನಿಲ್ಲಿಸೋಕೆ ಮಸೂದೆ ತರೋ ಶಕ್ತಿ ಇರೋರಿಗೆ, ಅದೇ ಊರಲ್ಲಿ ದುಡಿಯೋರ ಓಟನ್ನ ಸರಿ ಮಾಡೋ ಮಸೂದೆ ಯಾಕೆ ಕಷ್ಟ ಆಗ್ಬೇಕು.

ಹಾಗಾಗಿ ನನ್ನ ಬೇಡಿಕೆಗಳು ಹೀಗಿವೆ. ಮತದಾರರನ್ನ ನೇಮಿಸೋ ಪ್ರತಿ ಸಂಸ್ಥೆಯೂ ಆ ಕಟ್ಟಡದಲ್ಲಿ ಕೆಲಸ ಮಾಡೋ ಪ್ರತಿಯೊಬ್ಬರಿಗೂ, ನಮಗೆ ಇಷ್ಟು ಓಟು ಬಂದಿದೆ, ಆಸಕ್ತಿ ಇರೋರು ಹೆಸರು ಕೊಡಿ, ಹೀಗೆ ಆರಿಸ್ತೀವಿ ಅಂತ ನೋಂದಣಿಗೆ ಮುಂಚೆ ಬರೆದು ತಿಳಿಸ್ಲೇಬೇಕು, ಆರಿಸಿದ್ದು ಹೇಗೆ ಅಂತ ಆಮೇಲೆ ನಿಮಗೂ ಬರೆದುಕೊಡಬೇಕು. ಇದಕ್ಕೆ ಕಾನೂನು ಬದಲಾಗೋವರೆಗೂ ಕಾಯಬೇಕಾಗಿಲ್ಲ, ಈ ವರ್ಷದ ನೋಂದಣಿ ಪತ್ರದ ಜೊತೆಗೇ ಕೇಳಿ, ಯಾರು ಉತ್ತರ ಕೊಟ್ರು ಯಾರು ಕೊಡ್ಲಿಲ್ಲ ಅನ್ನೋ ಪಟ್ಟಿ ಹಾಕಿ. ಹೆಸರು ಕೊಟ್ಟವರು ಓಟಿಗಿಂತ ಜಾಸ್ತಿ ಇದ್ರೆ ಚೀಟಿ ಎತ್ತಲಿ, ಹುದ್ದೆ ನೋಡಿ ಹಂಚೋದು ಬೇಡ.

ಎರಡನೇದು, ಕಾಂಟ್ರ್ಯಾಕ್ಟ್ ಮೇಲೆ ಬರೋ ಕ್ಲೀನಿಂಗ್, ಸೆಕ್ಯೂರಿಟಿ, ಕ್ಯಾಂಟೀನ್, ವೆಂಡರ್ ಕಂಪನಿಯವರು ಯಾರ ಲೆಕ್ಕಕ್ಕೆ ಸೇರ್ತಾರೆ ಅನ್ನೋದನ್ನ ಯಾರೂ ಬೇರೆ ಅರ್ಥ ಮಾಡೋಕೆ ಆಗದ ಹಾಗೆ ಒಂದು ಪುಟದಲ್ಲಿ ಬರೆದು ಪ್ರಕಟಿಸಿ. ನನ್ನ ಅಭಿಪ್ರಾಯದಲ್ಲಿ ಯಾವ ಕಟ್ಟಡದಲ್ಲಿ ಕೆಲಸ ಮಾಡ್ತಾರೋ ಆ ಕಟ್ಟಡದ ಲೆಕ್ಕಕ್ಕೇ ಸೇರಬೇಕು, ಪೇಸ್ಲಿಪ್ ಯಾರ ಹೆಸರಲ್ಲಿ ಬಂದ್ರೂ ಸರಿ.

ಮುಂದಿನ ಹೆಜ್ಜೆಯಾಗಿ, 2029 ರ ಚುನಾವಣೆ ಹೊತ್ತಿಗೆ ನೇಮಕದ ಪದ್ಧತಿಯನ್ನೇ ಬಿಟ್ಟು, ಸಿಟಿಯಲ್ಲಿ ಒಂದು ವರ್ಷ ಕೆಲಸ ಮಾಡಿದ ಅರ್ಹರೆಲ್ಲ ತಾವೇ ನೇರವಾಗಿ ಹೆಸರು ನೋಂದಾಯಿಸ್ಕೊಳ್ಳೋ ಹಾಗೆ ಹೊಸ ಖಾಸಗಿ ಮಸೂದೆ ತನ್ನಿ. ನಿವಾಸಿಗಳ ನಾಲ್ಕು ವಾರ್ಡುಗಳ ಪಾಲು ಅದರಿಂದ ಕಮ್ಮಿ ಆಗದ ಹಾಗೆ ಅದರಲ್ಲೇ ಬರೆಯಿರಿ, ಅವರು ಇಲ್ಲೇ ಬಾಳ್ವೆ ಮಾಡೋರು, ನಮ್ಮ ಓಟು ಅವರ ಮೇಲೆ ಸವಾರಿ ಮಾಡೋದು ನನಗೆ ಬೇಡ. ನೀವೇ ಜಾಗದ ಒಡೆಯರಾಗಿರೋ ದೊಡ್ಡ ಯೋಜನೆಗಳ ತೀರ್ಮಾನವನ್ನ ಹೊರಗಿನ ಪ್ಲಾನಿಂಗ್ ಇನ್‌ಸ್ಪೆಕ್ಟರ್ ಕೈಗೆ ಕೊಡೋ ಹಾಗೆ ಸರ್ಕಾರವನ್ನ ನೀವಾಗೇ ಕೇಳಿಕೊಳ್ಳಿ. ಸಿಟೀಸ್ ಎಸ್ಟೇಟ್ ಖರ್ಚಿಗೂ ಮಾಹಿತಿ ಹಕ್ಕಿನ ಅರ್ಜಿಗಳನ್ನ ತಗೊಳ್ತೀವಿ ಅಂತ ಒಂದು ನಿರ್ಣಯ ಮಾಡಿ, ಇದಕ್ಕೆ ಪಾರ್ಲಿಮೆಂಟ್ ಬೇಡ, ನಿಮ್ಮ ಕೋರ್ಟ್ ಆಫ್ ಕಾಮನ್ ಕೌನ್ಸಿಲ್‌ನ ಒಂದು ಮಧ್ಯಾಹ್ನದ ಸಭೆ ಸಾಕು.

ಸಿಟಿಯಲ್ಲಿ ಕೆಲಸ ಮಾಡೋ ಕನ್ನಡದವರಲ್ಲಿ ನನ್ನದು ಒಂದು ವಿನಂತಿ: ನಿಮ್ಮ ಆಫೀಸಲ್ಲಿ ಈ ವಾರವೇ ಕೇಳಿ, ನಮ್ಮಲ್ಲಿ ನೇಮಕ ಆದ ಮತದಾರರು ಯಾರು, ಹೇಗೆ ಆರಿಸಿದ್ರಿ ಅಂತ. ನಿಮ್ಮ ಫ್ಲೋರಿನ ಹೌಸ್‌ಕೀಪಿಂಗ್‌ನವರಿಗೂ ಸೆಕ್ಯೂರಿಟಿಯವರಿಗೂ ವಿಷಯ ತಿಳಿಸಿ, ಬಂದ ಉತ್ತರವನ್ನ ಜೋಪಾನವಾಗಿ ಇಟ್ಕೊಳ್ಳಿ, ಅಂಥ ಉತ್ತರಗಳನ್ನೆಲ್ಲ ಒಟ್ಟು ಮಾಡಿ ಗಿಲ್ಡ್‌ಹಾಲ್‌ಗೆ ಕೊಡೋ ಕೆಲಸ ನಾನು ಮಾಡ್ತೀನಿ.

ಮಾನ್ಯರೇ, ಮುಂದಿನ ನೋಂದಣಿ ಶುರುವಾಗೋ ಮುಂಚೆ ನಿಮ್ಮ ಉತ್ತರ ಬರ್ಲಿ ಅಂತ ಕೇಳ್ಕೋತೀನಿ. ಬಂದ ಉತ್ತರವನ್ನ ಒಂದಕ್ಷರ ಬಿಡದೆ ಕನ್ನಡದಲ್ಲೂ ಹಾಕ್ತೀನಿ.

ಇಂತಿ ತಮ್ಮ ವಿಶ್ವಾಸಿ,
ಸ್ಕ್ವೇರ್ ಮೈಲ್‌ನಲ್ಲಿ ದುಡಿಯೋ ಒಬ್ಬ ಕನ್ನಡಿಗ